ರಜೆ ಬಂತು, ಮಕ್ಕಳೊಡನೆ ಆಡೋಣ ಬನ್ನಿ



ಶನಿವಾರ ಬೆಳಗಿನ ತರಗತಿ ಮುಗಿಸಿ ಮಗು ಮಧ್ಯಾಹ್ನ ಮನೆಗೆ ಬರುತ್ತದೆ. ಪುಸ್ತಕದ ಚೀಲ ಒಂದು ಮೂಲೆಗೆ, ಚಪ್ಪಲಿ ಇನ್ನೊಂದು ಮೂಲೆಗೆ. ನಾಳೆ ಭಾನುವಾರ, ನಾಡಿದ್ದು ಸೋಮವಾರ ಸರ್ಕಾರಿ ರಜೆ. ಎರಡೂವರೆ ದಿನ! ಮಗುವಿಗೆ ಅದೊಂದು ದೊಡ್ಡ ಆಸ್ತಿ ಸಿಕ್ಕಿದಂತೆ. ಮನೆಯ ಹಿರಿಯರಿಗೆ ಮಾತ್ರ ತಲೆಬಿಸಿ. "ಇನ್ನು ಸೋಮವಾರ ಸಂಜೆಯವರೆಗೂ ಇವರ ಗಲಾಟೆ ಯಾರು ಸಹಿಸಿಕೊಳ್ಳಬೇಕು?" ಎನ್ನುತ್ತೇವೆ. ಊಟವಾದ ಮೇಲೆ ಮಗು ಬಂದು ಕೇಳುತ್ತದೆ: "ಅಪ್ಪಾ, ಆಡೋಣವಾ?" ಅಪ್ಪ ಮೊಬೈಲಿನಿಂದ ತಲೆ ಎತ್ತದೆ "ಆಮೇಲೆ" ಎನ್ನುತ್ತಾರೆ. ಅಮ್ಮನಿಗೆ ಪಾತ್ರೆ ತೊಳೆಯುವುದಿದೆ, ಬಟ್ಟೆ ಒಗೆಯುವುದಿದೆ. ಆ "ಆಮೇಲೆ" ಬರುವುದೇ ಇಲ್ಲ. ಕೊನೆಗೆ ಮಗುವಿನ ಕೈಗೂ ಒಂದು ಮೊಬೈಲು ಬರುತ್ತದೆ. ಮನೆ ಶಾಂತವಾಗುತ್ತದೆ.

ಆ ಶಾಂತಿ ದೇವರು ಕೊಡುವ ಶಾಂತಿಯೇ? ಇದನ್ನು ಇಂದು ಸ್ವಲ್ಪ ಧ್ಯಾನಿಸೋಣ.

ಆಟ ನೋಡಿದ ಪ್ರಭು

ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದ ಪ್ರಸಂಗ ನಮಗೆಲ್ಲ ಗೊತ್ತು. ಜನರು ತಮ್ಮ ಮಕ್ಕಳನ್ನು ಯೇಸುಸ್ವಾಮಿಯ ಬಳಿಗೆ ಕರೆತಂದರು. ಶಿಷ್ಯರು ಅವರನ್ನು ಗದರಿಸಿದರು. ಶಿಷ್ಯರು ಕೆಟ್ಟವರಲ್ಲ. ಗುರುಗಳಿಗೆ ದಣಿವಾಗಿದೆ, ಅವರು ದೊಡ್ಡ ವಿಷಯ ಮಾತನಾಡುತ್ತಿದ್ದಾರೆ, ಈಗ ಮಕ್ಕಳ ಗಲಾಟೆ ಬೇಡ ಎಂದಷ್ಟೇ ಅವರ ಭಾವನೆ. ನಮ್ಮ "ಆಮೇಲೆ" ಎಂಬ ಮಾತೂ ಅಂಥದ್ದೇ. ಆದರೆ ಪ್ರಭುವಿಗೆ ಶಿಷ್ಯರ ಮೇಲೆ ಕೋಪ ಬಂತು ಎಂದು ಮಾರ್ಕನು ಬರೆಯುತ್ತಾನೆ. ಅವರು ಮಕ್ಕಳನ್ನು ದೂರದಿಂದಲೇ ಆಶೀರ್ವದಿಸಿ ಕಳುಹಿಸಲಿಲ್ಲ. ತೋಳುಗಳಿಂದ ಅಪ್ಪಿಕೊಂಡರು, ಅವರ ಮೇಲೆ ಕೈಯಿಟ್ಟರು.

ಇನ್ನೊಂದು ಪ್ರಸಂಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸಂತ ಮತ್ತಾಯನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿ ಪ್ರಭು ತಮ್ಮ ಕಾಲದ ಜನರನ್ನು ಪೇಟೆಯಲ್ಲಿ ಕುಳಿತ ಮಕ್ಕಳಿಗೆ ಹೋಲಿಸುತ್ತಾರೆ. ಒಂದು ಗುಂಪು ಮದುವೆಯ ಆಟವಾಡೋಣ ಎಂದು ಕೊಳಲೂದಿದರೆ ಇನ್ನೊಂದು ಗುಂಪು ಕುಣಿಯುವುದಿಲ್ಲ. ಹೋಗಲಿ, ಸಾವಿನ ಆಟವಾಡೋಣ ಎಂದು ಅತ್ತರೆ ಅದಕ್ಕೂ ಸೇರುವುದಿಲ್ಲ. ನಮ್ಮ ಮಕ್ಕಳು ಅಂಗಳದಲ್ಲಿ ಮುನಿಸಿಕೊಳ್ಳುವುದೂ ಹೀಗೆಯೇ ಅಲ್ಲವೇ? ಮಕ್ಕಳು ಆಡುವಲ್ಲಿ ನಿಂತು, ಅವರ ಮಾತಿಗೆ ಕಿವಿಗೊಟ್ಟವರಿಗೆ ಮಾತ್ರ ಇದು ಗೊತ್ತಾಗುತ್ತದೆ. ನಮ್ಮ ಪ್ರಭುವಿಗೆ ಗೊತ್ತಿತ್ತು. ಲೋಕವನ್ನು ರಕ್ಷಿಸಲು ಬಂದವರಿಗೆ ಮಕ್ಕಳ ಆಟ ನೋಡಲು ಸಮಯವಿತ್ತು. ನಮಗೆ ಸಮಯವಿಲ್ಲ ಎಂದು ಹೇಗೆ ಹೇಳೋಣ?

ಊರು ಮತ್ತೆ ಊರಾಗುವುದು ಯಾವಾಗ?

ಈಗ ಹಳೆಯ ಒಡಂಬಡಿಕೆಗೆ ಬರೋಣ. ಕ್ರಿಸ್ತಪೂರ್ವ 520ರ ಸುಮಾರಿಗೆ ಜೆರುಸಲೇಮಿನಲ್ಲಿ ಜೆಕರ್ಯ ಎಂಬ ಪ್ರವಾದಿ ಇದ್ದನು. ಅವನ ಜನರು ಮನೆಮಠ ಕಳೆದುಕೊಂಡು ಬಾಬಿಲೋನಿಗೆ ಸೆರೆಹೋಗಿ, ಎಷ್ಟೋ ವರ್ಷಗಳ ಮೇಲೆ ಹಿಂದಿರುಗಿದ್ದರು. ಬಂದು ನೋಡಿದರೆ ಗೋಡೆ ಬಿದ್ದಿದೆ, ದೇವಾಲಯ ಹಾಳಾಗಿದೆ. ಅಂಥ ಜನರಿಗೆ ಪ್ರವಾದಿ ದೇವರ ಹೆಸರಿನಲ್ಲಿ ಭರವಸೆ ಕೊಡುತ್ತಾನೆ. ಆ ಭರವಸೆಯ ಗುರುತು ಯಾವುದು? ಚಿನ್ನವೂ ಅಲ್ಲ, ಸೈನ್ಯವೂ ಅಲ್ಲ. ಎಂಟನೆಯ ಅಧ್ಯಾಯವನ್ನು ಓದಿ ನೋಡಿ. ಮುದುಕ ಮುದುಕಿಯರು ಊರುಗೋಲು ಹಿಡಿದು ಬೀದಿಯಲ್ಲಿ ನೆಮ್ಮದಿಯಿಂದ ಕುಳಿತಿರುತ್ತಾರೆ. ಅದೇ ಬೀದಿಗಳಲ್ಲಿ ಗಂಡು ಹೆಣ್ಣು ಮಕ್ಕಳು ಗುಂಪು ಗುಂಪಾಗಿ ಆಡುತ್ತಿರುತ್ತಾರೆ. ಇಷ್ಟು ಕಂಡರೆ ಊರು ಮತ್ತೆ ಊರಾಯಿತೆಂದು ತಿಳಿಯಬೇಕು.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬರುವುದು ನಮ್ಮ ಕಾರವಾರ ತಾಲ್ಲೂಕಿನ ತೋಡೂರು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಈ ನಡುವೆ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿಯ ಸಾವಿರಾರು ಕುಟುಂಬಗಳು ತಮ್ಮ ಗದ್ದೆ, ತೆಂಗಿನ ತೋಟ, ದೋಣಿ ಎಳೆದಿಡುತ್ತಿದ್ದ ದಂಡೆ ಎಲ್ಲವನ್ನೂ ಬಿಟ್ಟು ಏಳಬೇಕಾಯಿತು. ತೋಡೂರಿನಲ್ಲೂ ಅವರಿಗಾಗಿ ಪುನರ್ವಸತಿ ಕಾಲೊನಿಯಾಯಿತು. ಅಳತೆ ಮಾಡಿದ ನಿವೇಶನ, ಹೊಸ ಗೋಡೆ, ಪಕ್ಕದಲ್ಲಿ ಹೊಸ ನೆರೆಯವರು. ದೇಶದ ರಕ್ಷಣೆಗಾಗಿ ಈ ಜನ ಕೊಟ್ಟದ್ದು ಸಣ್ಣದಲ್ಲ. ಪರಿಹಾರದ ಹಣದಿಂದ ಮನೆ ಕಟ್ಟಬಹುದು, ಊರನ್ನು ಕಟ್ಟಲಾಗದು. ಅಜ್ಜಿ ಜಗಲಿಯಲ್ಲಿ ಕುಳಿತು ನೋಡುತ್ತಿರುವಾಗ ನಾಲ್ಕು ಮನೆಯ ಮಕ್ಕಳು ಒಂದೇ ಅಂಗಳದಲ್ಲಿ ಕೂಗಾಡಿ ಆಡುವ ದಿನ ಆ ಸಾಲುಮನೆಗಳು ಊರಾಗುತ್ತವೆ. ಪ್ರವಾದಿ ಕಂಡದ್ದು ಅದನ್ನೇ.

ಆದ್ದರಿಂದ ಮಕ್ಕಳ ಆಟವನ್ನು ಕಾಲಹರಣವೆಂದು ಭಾವಿಸಬೇಡಿ. ಮಕ್ಕಳಿಗೆ ವಿರಾಮವೂ ಆಟವೂ ಹಕ್ಕು ಎಂದು ವಿಶ್ವಸಂಸ್ಥೆ 1989ರಲ್ಲಿ ಬರೆದಿಟ್ಟಿತು. 1992ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿತು. ಪ್ರವಾದಿ ಅದಕ್ಕಿಂತ ಎರಡೂವರೆ ಸಾವಿರ ವರ್ಷ ಮೊದಲೇ ಅದನ್ನು ದೇವರ ಆಶೀರ್ವಾದವೆಂದು ಸಾರಿದ್ದನು.

ಹಾಗಾದರೆ ಈ ಎರಡೂವರೆ ದಿನ ಏನು ಮಾಡೋಣ? ದುಡ್ಡು ಬೇಡದ, ಯಾವ ಮನೆಯಲ್ಲೂ ಆಗುವ ಕೆಲವನ್ನು ಹೇಳುತ್ತೇನೆ.

ಶನಿವಾರ ಸಂಜೆ: ಬಿದ್ದದ್ದನ್ನು ಕಟ್ಟುವ ಆಟ

ಮೊದಲು ಮನೆಯಲ್ಲಿ ಒಂದು ಬುಟ್ಟಿ ಇಡಿ. ಸಂಜೆ ಐದರಿಂದ ಏಳರವರೆಗೆ ಮನೆಯ ಎಲ್ಲರ ಮೊಬೈಲು ಅದರಲ್ಲಿರಲಿ. ಮೊದಲು ಬೀಳುವುದು ಅಪ್ಪನದ್ದು, ಎರಡನೆಯದು ಅಮ್ಮನದ್ದು. ಆಮೇಲೆ ಮಕ್ಕಳಿಗೆ ಹೇಳುವ ಅಗತ್ಯವೇ ಬರುವುದಿಲ್ಲ.

ಇನ್ನು ಲಗೋರಿ. ಏಳು ಚಪ್ಪಟೆ ಕಲ್ಲು ಅಥವಾ ಹೆಂಚಿನ ಚೂರು ಆರಿಸಲು ಮಕ್ಕಳನ್ನೇ ಕಳುಹಿಸಿ. ಚೆಂಡನ್ನು ಮನೆಯಲ್ಲೇ ಮಾಡಿ: ಹಳೆಯ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹರಿದು ಬಿಗಿಯಾಗಿ ಉಂಡೆ ಸುತ್ತಿ, ಮೇಲೆ ದಾರ ಕಟ್ಟಿದರಾಯಿತು. ತಾಗಿದರೂ ನೋವಾಗದು. ಎರಡು ತಂಡ. ಒಂದು ತಂಡ ಚೆಂಡೆಸೆದು ಕಲ್ಲಿನ ಗೋಪುರ ಬೀಳಿಸಿ ಓಡಬೇಕು. ಇನ್ನೊಂದು ತಂಡ ಚೆಂಡು ಹಿಡಿದು ಅವರನ್ನು ಹೊಡೆಯುವ ಮುಂಚೆ, ಬಿದ್ದ ಏಳು ಕಲ್ಲನ್ನೂ ಮತ್ತೆ ಜೋಡಿಸಬೇಕು. ಎಲ್ಲ ಆಟಗಳಲ್ಲಿ ಕೆಡವಿದವನು ಗೆಲ್ಲುತ್ತಾನೆ. ಇದರಲ್ಲಿ ಮತ್ತೆ ಕಟ್ಟಿದವನೇ ಗೆಲ್ಲುವುದು! ಅದೂ ಒಬ್ಬನಿಂದ ಆಗದು: ಒಬ್ಬ ಏಟನ್ನು ತನ್ನತ್ತ ಸೆಳೆದುಕೊಂಡು ಓಡಿದರೆ ಮಾತ್ರ ಇನ್ನೊಬ್ಬನಿಗೆ ಕಲ್ಲಿಡಲು ಬಿಡುವು. ತೋಡೂರಿನಂಥ ಊರಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ? ಅಪ್ಪನೂ ಒಂದು ತಂಡಕ್ಕೆ ಸೇರಲಿ. ಸೋತರೆ ಸೋತೆ ಎಂದು ನಗಲಿ. ಸೋಲನ್ನು ನಗುತ್ತಾ ಒಪ್ಪಿಕೊಳ್ಳುವ ತಂದೆಯನ್ನು ಕಂಡ ಮಗು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ಮನೆಗೆ ಬರಲು ಹೆದರುವುದಿಲ್ಲ.

ರಾತ್ರಿ ಜಪಸರವಾದ ಮೇಲೆ ಅಜ್ಜ ಅಜ್ಜಿಯ ಪಾಳಿ. ಮಗುವಿಗೆ ಒಂದು ಹಾಳೆ, ಒಂದು ಪೆನ್ಸಿಲು ಕೊಡಿ. ಅಜ್ಜಿ ತಾವು ಹುಟ್ಟಿ ಬೆಳೆದ ಹಳೆಯ ಮನೆಯನ್ನು ಹೇಳಲಿ: ಬಾವಿ ಎಲ್ಲಿತ್ತು, ಹಲಸಿನ ಮರ ಯಾವ ಕಡೆ, ಇಗರ್ಜಿಗೆ ಯಾವ ದಾರಿ, ಅಲೆಯ ಸದ್ದು ಯಾವ ಕಿಟಕಿಯಿಂದ ಬರುತ್ತಿತ್ತು. ಕೊಂಕಣಿಯಲ್ಲಾದರೂ ಕನ್ನಡದಲ್ಲಾದರೂ ಹೇಳಲಿ. ಮಗು ಕೇಳುತ್ತ ಕೇಳುತ್ತ ಚಿತ್ರ ಬರೆಯಲಿ. ಬಾವಿ ಆನೆಯಷ್ಟಾಗಬಹುದು, ಮರ ಕೊಡೆಯಂತಾಗಬಹುದು, ತಿದ್ದಬೇಡಿ. ಹೇಳುವಾಗ ಅಜ್ಜಿಯ ಕಣ್ಣು ತುಂಬಿದರೆ ಅದನ್ನೂ ಮಗು ನೋಡಲಿ. ಈಗ ಹೋಗಲಾಗದ ಆ ಊರು ಆ ಹಾಳೆಯ ಮೇಲೆ ಉಳಿಯುತ್ತದೆ. ಅಡಿಯಲ್ಲಿ ಅಜ್ಜಿಯ ಹೆಸರು, ಮಗುವಿನ ಹೆಸರು, ದಿನಾಂಕ ಬರೆದು ಪೀಠದ ಪಕ್ಕದ ಗೋಡೆಗೆ ಅಂಟಿಸಿ.

ಭಾನುವಾರ: ಪೂಜೆಯಿಂದ ಜಗಲಿಗೆ

ಭಾನುವಾರದ ಮೊದಲ ಕೆಲಸ ಬಲಿಪೂಜೆ. ರಜೆಯೆಂದು ಅದನ್ನು ತಪ್ಪಿಸಬೇಡಿ. ಆದರೆ ಪೂಜೆ ಮುಗಿಸಿ ಬಂದು ದಿನವಿಡೀ ಮಗುವನ್ನು ಸುಮ್ಮನೆ ಕೂರಿಸುವುದೂ ಪ್ರಭುವಿನ ದಿನವನ್ನು ಆಚರಿಸುವ ರೀತಿಯಲ್ಲ. ವಿಶ್ರಾಂತಿಯ ದಿನ ಸಂತೋಷದ ದಿನವಾಗಿರಬೇಕು.

ಪೂಜೆ ಮುಗಿದ ಮೇಲೆ ತೆಂಗಿನ ಗರಿ ತನ್ನಿ. ಗರಿಗಳ ಭಾನುವಾರ ಶಿಲುಬೆ ಮಡಚಿದ ಕೈಗಳಿಗೆ ಇದು ಹೊಸತಲ್ಲ. ಅಜ್ಜ ಪೀಪಿ ಸುತ್ತಿಕೊಡಲಿ, ಗಾಳಿಗೆ ತಿರುಗುವ ಗಿರಗಿಟ್ಲೆ ಮಾಡಲು ಕಲಿಸಲಿ, ಕೈಗಡಿಯಾರ ಹೆಣೆದು ಕಟ್ಟಲಿ. ಎರಡು ಹೆಚ್ಚಿಗೆ ಮಾಡಿ. ಒಂದನ್ನು ಮಗು ತಾನೇ ಹೋಗಿ ಹಾಸಿಗೆ ಹಿಡಿದಿರುವ ನೆರೆಯ ಅಜ್ಜನಿಗೆ ಕೊಟ್ಟು ಬರಲಿ. ಇನ್ನೊಂದನ್ನು ಯಾರೂ ಆಟಕ್ಕೆ ಕರೆಯದ ಮಗುವಿಗೆ ಕೊಡಲಿ. ಪ್ರತಿ ಬೀದಿಯಲ್ಲೂ ಅಂಥ ಒಂದು ಮಗು ಇರುತ್ತದೆ: ಕಾಲು ಕುಂಟುವ ಮಗು, ಮಾತು ತಡವಾಗಿ ಬಂದ ಮಗು, ಕೂಲಿಗಾಗಿ ದೂರದಿಂದ ಬಂದವರ ಮಗು, ಬೇರೆ ಜಾತಿ ಧರ್ಮದ ಮಗು. ಓಡಲಾಗದವನಿಗೆ ಲಗೋರಿಯಲ್ಲಿ ಎಣಿಸುವ ಕೆಲಸ ಕೊಡಬಹುದು, ತೀರ್ಪು ಹೇಳುವ ಅಧಿಕಾರ ಕೊಡಬಹುದು. "ಅವನನ್ನೂ ಕರಿ" ಎಂಬ ಎರಡು ಮಾತು ಮನೆಯಿಂದಲೇ ಬರಬೇಕು. ಶುಭಸಂದೇಶ ಸಾರುವುದೆಂದರೆ ಅದೂ ಒಂದು.

ಮಧ್ಯಾಹ್ನ ಬಿಸಿಲಿರಲಿ, ಮಳೆಯಿರಲಿ, ಜಗಲಿಯಲ್ಲಿ ಚೌಕಾಬಾರ. ಸೀಮೆಸುಣ್ಣದಿಂದ ಐದು ಸಾಲು, ಐದು ಕಂಬದ ಇಪ್ಪತ್ತೈದು ಮನೆ ಬರೆಯಿರಿ. ನಾಲ್ಕು ಕವಡೆ ಬೇಕು. ಇಲ್ಲದಿದ್ದರೆ ಹುಣಸೆ ಬೀಜದ ಒಂದು ಬದಿ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದರೆ ಸಾಕು. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಕಾಯಿಗೆ ಒಬ್ಬರದ್ದು ಬಳೆಚೂರು, ಒಬ್ಬರದ್ದು ಕಡ್ಡಿ, ಒಬ್ಬರದ್ದು ಕಲ್ಲು. ಸಣ್ಣವನು ಲೆಕ್ಕ ಕಲಿಯುತ್ತಾನೆ, ದೊಡ್ಡವಳು ತಾಳ್ಮೆ ಕಲಿಯುತ್ತಾಳೆ, ಮನೆಗೆ ಹತ್ತಿರವಾದ ಕಾಯಿಯನ್ನು ಅಜ್ಜಿ ಕಡಿದಾಗ ಎಲ್ಲರೂ ಒಂದೇ ಸಲ ಕೂಗುತ್ತಾರೆ. ಮೋಸ ಮಾಡಿದರೆ ಅಲ್ಲೇ, ನಗುತ್ತಲೇ ತಿದ್ದಿ. ಪ್ರಾಮಾಣಿಕತೆಯನ್ನು ಕಲಿಸಲು ಅದಕ್ಕಿಂತ ಸುಲಭದ ಜಾಗ ಇಲ್ಲ.

ಸಂತ ಜಾನ್ ಬಾಸ್ಕೊ ಅವರ ಬಾಲ್ಯ ನೆನಪಿಗೆ ಬರುತ್ತದೆ. 1815ರಲ್ಲಿ ಇಟಲಿಯ ಬಡ ರೈತನ ಮನೆಯಲ್ಲಿ ಹುಟ್ಟಿ, ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ಹುಡುಗ ಅವರು. ಜಾತ್ರೆಗಳಲ್ಲಿ ದೊಂಬರಾಟ ನೋಡಿ, ಬಿದ್ದು ಎದ್ದು, ಹಗ್ಗದ ಮೇಲೆ ನಡೆಯುವುದನ್ನು ಕಲಿತರು. ಊರಿನವರನ್ನು ಸೇರಿಸಿ ಆಟ ತೋರಿಸುತ್ತಿದ್ದರು. ನೋಡಲು ಹಣ ಕೊಡಬೇಕಿರಲಿಲ್ಲ. ಅವರೊಡನೆ ಜಪಸರ ಹೇಳಿ, ಇಗರ್ಜಿಯಲ್ಲಿ ಕೇಳಿ ಬಂದ ಪ್ರಸಂಗವನ್ನು ಅವರ ಬಾಯಿಂದ ಮತ್ತೊಮ್ಮೆ ಕೇಳಬೇಕಿತ್ತು. ಆಟವನ್ನೂ ಪ್ರಾರ್ಥನೆಯನ್ನೂ ಅವರು ಬೇರೆ ಬೇರೆ ಕೋಣೆಯಲ್ಲಿ ಇಡಲಿಲ್ಲ. ಮುಂದೆ ಸಾವಿರಾರು ಅನಾಥ ಹುಡುಗರಿಗೆ ತಂದೆಯಾದದ್ದು ಆ ಹುಡುಗನೇ.

ಸೋಮವಾರ: ಗುಡ್ಡ ಮತ್ತು ಕಡಲು

ನಮ್ಮ ಕಾರವಾರದ ಕಡೆ ಗುಡ್ಡ ಕಡಲಿಗೆ ಹತ್ತಿರ ಬಂದು ನಿಂತಿದೆ. ಊರುಗಳಿಂದ ಜನ ಹಣ ಖರ್ಚು ಮಾಡಿ ಇಲ್ಲಿಗೆ ಬರುತ್ತಾರೆ. ನಮ್ಮ ಮಕ್ಕಳಿಗೆ ಅದು ನಡೆದು ಹೋಗುವ ದೂರ. ಸೋಮವಾರ ಬೆಳಿಗ್ಗೆ ಬೇಗ ಎದ್ದು ಹೊರಡಿ. ಹತ್ತು ಬಗೆಯ ಎಲೆ ಕೂಡಿಸುವ ಪಂದ್ಯವಿಡಿ. ಒಂದು ಕಡೆ ಐದು ನಿಮಿಷ ಕಣ್ಣು ಮುಚ್ಚಿ ಕುಳಿತು ಎಷ್ಟು ಸದ್ದು ಕೇಳಿತು ಎಂದು ಎಣಿಸಿ. ಹಕ್ಕಿ, ಎಲೆ, ದೂರದ ರೈಲು, ತನ್ನದೇ ಉಸಿರು. ಧ್ಯಾನ ಎಂಬ ಶಬ್ದ ಹೇಳದೆಯೇ ಮಗು ಧ್ಯಾನ ಮಾಡಿರುತ್ತದೆ.

ಸಂಜೆ ಕಡಲತೀರಕ್ಕೆ ಹೋಗುವುದಾದರೆ ಹಿರಿಯರು ಜೊತೆಗಿರಲೇಬೇಕು. ಮರಳಿನಲ್ಲಿ ಇಗರ್ಜಿ ಕಟ್ಟಿ, ಚಿಪ್ಪು ಆರಿಸಿ ಹೆಸರು ಬರೆಯಿರಿ, ಬಿದ್ದ ಪ್ಲಾಸ್ಟಿಕ್ಕನ್ನು ಒಂದು ಚೀಲಕ್ಕೆ ತುಂಬಿ. ನಮ್ಮ ಈ ತೀರಕ್ಕೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಳಿನಲ್ಲಿ ಅವುಗಳ ಹೆಜ್ಜೆಗುರುತು ಕಂಡರೆ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಮಗುವಿನ ಪಾಲಿಗೆ ಅದು ಮರೆಯದ ದಿನವಾಗುತ್ತದೆ. ಆದರೆ ನೀರಿಗೆ ಇಳಿಯುವ ಆಟ ಬೇಡ. 2024ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ಜೀವ ಕಳೆದುಕೊಂಡರು. ಆ ಮನೆಗಳ ದುಃಖ ಯಾವ ಮನೆಗೂ ಬರಬಾರದು. ಕಡಲ ದಂಡೆಯಲ್ಲೇ ಬೆಳೆದವರೂ ಕಡಲಿಗೆ ಹೆದರುವುದು ಅವಮಾನವಲ್ಲ.

ಕಾರವಾರದ ಕಡಲತೀರಕ್ಕೆ ಕವಿ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಇಪ್ಪತ್ತೆರಡರ ತರುಣ ಕವಿ ಇಲ್ಲಿಗೆ ಬಂದಾಗ ಒಂದು ನಾಟಕ ಬರೆದರು. ಅದರಲ್ಲಿ ಒಬ್ಬ ಸನ್ಯಾಸಿ ಎಲ್ಲ ಮಮತೆಯನ್ನು ಕಡಿದುಕೊಂಡರೆ ಮಾತ್ರ ಅನಂತವನ್ನು ಕಾಣಬಹುದೆಂದು ನಂಬಿದ್ದಾನೆ. ಯಾರೂ ಇಲ್ಲದ ಒಬ್ಬ ಪುಟ್ಟ ಹುಡುಗಿ ಅವನಲ್ಲಿ ಆಸರೆ ಬೇಡುತ್ತಾಳೆ. ಆ ಪ್ರೀತಿಯೇ ಅವನನ್ನು ಲೋಕಕ್ಕೆ ಮರಳಿ ಕರೆತರುತ್ತದೆ. ಅನಂತವಾದದ್ದು ಸಣ್ಣದರಲ್ಲೇ ಸಿಗುತ್ತದೆ ಎಂದು ಅವನಿಗೆ ತಿಳಿಯುತ್ತದೆ. ಕವಿ ಕ್ರೈಸ್ತರಲ್ಲ. ಆದರೂ ಮಗುವನ್ನು ಸ್ವೀಕರಿಸಿದವನು ತಮ್ಮನ್ನೇ ಸ್ವೀಕರಿಸುತ್ತಾನೆ ಎಂದ ನಮ್ಮ ಪ್ರಭುವಿನ ಬೋಧನೆಗೆ ಇದು ಎಷ್ಟು ಹತ್ತಿರ!

ಸಮಯ ಇಲ್ಲದವರಿಗೆ ಒಂದು ಮಾತು

ಎಲ್ಲ ಮನೆಯಲ್ಲೂ ಇದೆಲ್ಲ ಆಗದು ಎಂದು ನನಗೆ ಗೊತ್ತು. ಮೀನು ಮಾರಿ ಬರುವ ತಾಯಿಗೆ ಸೋಮವಾರ ರಜೆಯಿಲ್ಲ. ಹಡಗಿನಲ್ಲೋ ಕೊಲ್ಲಿ ದೇಶದಲ್ಲೋ ಇರುವ ತಂದೆಯ ಮುಖವನ್ನು ಮಗು ಮೊಬೈಲಿನಲ್ಲೇ ನೋಡಬೇಕು. ಅಂಥವರು ತಪ್ಪಿತಸ್ಥರೆಂದು ಕೊರಗಬೇಡಿ. ಎರಡೂವರೆ ದಿನ ಕೊಡಲಾಗದಿದ್ದರೆ ಅರ್ಧ ಗಂಟೆ ಕೊಡಿ, ಆದರೆ ಪೂರ್ತಿ ಕೊಡಿ. ಸೊಪ್ಪು ಬಿಡಿಸುತ್ತಲೇ ಒಗಟು ಹೇಳಬಹುದು. ಇಡ್ಲಿ ತಟ್ಟೆಗೆ ಎಣ್ಣೆ ಸವರುವ ಕೆಲಸ ಮಗುವಿಗೆ ಕೊಟ್ಟು ಕಥೆ ಹೇಳಬಹುದು. ದೂರದಲ್ಲಿರುವ ತಂದೆ ಕರೆ ಮಾಡಿದಾಗ ಅಂಕ ಎಷ್ಟು ಎಂದು ಮೊದಲು ಕೇಳುವ ಬದಲು "ಇವತ್ತು ಏನು ಆಡಿದೆ?" ಎಂದು ಕೇಳಬಹುದು. 2025ರಲ್ಲಿ ನಮ್ಮನ್ನಗಲಿದ ಪೋಪ್ ಫ್ರಾನ್ಸಿಸ್ ಅವರು ಎಳೆಯ ತಂದೆತಾಯಿಯರನ್ನು ಕಂಡಾಗಲೆಲ್ಲ ಮಕ್ಕಳೊಡನೆ ಆಡುತ್ತೀರಾ ಎಂದು ವಿಚಾರಿಸುತ್ತಿದ್ದರು. ಅದು ಕುಶಲಪ್ರಶ್ನೆಯಂತೆ ಕಂಡರೂ ಆತ್ಮಶೋಧನೆಯ ಪ್ರಶ್ನೆ. ಮುಂದಿನ ಸಲ ಪಾಪನಿವೇದನೆಗೆ ಸಿದ್ಧರಾಗುವಾಗ ಇದನ್ನೂ ಕೇಳಿಕೊಳ್ಳೋಣ: ನನ್ನ ಮಗು ಕರೆದಾಗ ನಾನು ಎಷ್ಟು ಸಲ "ಆಮೇಲೆ" ಎಂದೆ?

ಮಕ್ಕಳು ಬಹಳ ದಿನ ಕರೆಯುವುದಿಲ್ಲ, ಪ್ರಿಯರೇ. ಎಂಟು ವರ್ಷದವನು ಹದಿನೆಂಟಾಗುವುದು ಗೊತ್ತೇ ಆಗುವುದಿಲ್ಲ. ಆಗ ನಾವು ಬಾಗಿಲಲ್ಲಿ ನಿಂತು "ಬಾ, ಸ್ವಲ್ಪ ಕೂರು" ಎಂದರೆ ಅವನು ಮೊಬೈಲಿನಿಂದ ತಲೆ ಎತ್ತದೆ "ಆಮೇಲೆ" ಎನ್ನಬಹುದು. ಆ ಮಾತು ಅವನು ನಮ್ಮಿಂದಲೇ ಕಲಿತದ್ದು.

ಸೋಮವಾರ ರಾತ್ರಿ ಮಲಗುವ ಮುನ್ನ ಎಲ್ಲರೂ ಪೀಠದ ಮುಂದೆ ಸೇರಿ. ಈ ದಿನಗಳಲ್ಲಿ ತನಗೆ ಹೆಚ್ಚು ಸಂತೋಷ ಕೊಟ್ಟದ್ದನ್ನು ಒಬ್ಬೊಬ್ಬರೂ ಒಂದೊಂದು ಹೇಳಿ ದೇವರಿಗೆ ವಂದನೆ ಸಲ್ಲಿಸಲಿ. ಚಿಕ್ಕವರಿಂದ ಶುರುವಾಗಲಿ, ಅಜ್ಜಿಯಲ್ಲಿ ಮುಗಿಯಲಿ. ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಮಲಗಿಸಿ.

ನಜರೇತಿನ ಅಂಗಳದಲ್ಲಿ ಬಾಲಯೇಸುವನ್ನು ಸಾಕಿ ಬೆಳೆಸಿದ ಮರಿಯ ಮಾತೆಯೂ ಸಂತ ಜೋಸೆಫರೂ ನಮ್ಮ ಅಂಗಳಗಳನ್ನು ಕಾಯಲಿ. ನಮ್ಮ ಮುದುಕರು ನೆಮ್ಮದಿಯಿಂದ ಕುಳಿತಿರುವ, ನಮ್ಮ ಮಕ್ಕಳು ನಿರ್ಭಯವಾಗಿ ಆಡುವ ಬೀದಿಗಳನ್ನು ಪ್ರಭು ನಮಗೆ ದಯಪಾಲಿಸಲಿ. ಆಮೆನ್.